ಅತ್ತೆಯ ಮುಷ್ಟಿ

ನಮ್ಮೂರಲ್ಲಿ ಹೆಣ್ಣು ಕೊಡುವವರು ವರನನ್ನು ನೋಡುವ ಮೊದಲು ವರನ ತಾಯಿಯ ಕೈ ನೋಡುತ್ತಾರೆ. ಹುಡುಗ ಕುಂಟನೋ ಕುಡುಕನೋ, ಅದೆಲ್ಲ ಆಮೇಲಿನ ಮಾತು. ಎಲೆ ಅಡಿಕೆ ತೆಗೆದುಕೊಳ್ಳುವ ನೆಪದಲ್ಲಿ ಹೆಣ್ಣಿನ ತಂದೆ ಬೀಗಿತ್ತಿಯ ಅಂಗೈ ಎಷ್ಟು ಅಗಲ, ಬೆರಳು ಎಷ್ಟು ದಪ್ಪ ಎಂದು ಕಣ್ಣಲ್ಲೇ ಅಳೆದುಬಿಡುತ್ತಾನೆ. ತಾಯಿಯ ಕೈ ದೊಡ್ಡದಿದ್ದರೆ ಆ ಮನೆಗೆ ನಾ ಮುಂದು ತಾ ಮುಂದು ಎಂದು ಹೆಣ್ಣು ಬರುತ್ತವೆ. ಸಣ್ಣ ಕೈಯವಳ ಮಗ ಎಷ್ಟೇ ಚೆಲುವನಾಗಿದ್ದರೂ ಗಡ್ಡ ನೆರೆಯುವ ತನಕ ಕಟ್ಟೆಯ ಮೇಲೆ ಕೂತಿರಬೇಕು.

ಯಾಕೆಂದರೆ ನಮ್ಮಲ್ಲಿ ಕತ್ತು ನಿಲ್ಲುತ್ತದೆ. ಮೂವತ್ತು ದಾಟಿದ ಮೇಲೆ ಒಂದಲ್ಲ ಒಂದು ದಿನ ಎಲ್ಲರದೂ ನಿಲ್ಲುತ್ತದೆ. ಮೊದಲು ತಿರುಗಿದಾಗಲೆಲ್ಲ ಶೇಂಗಾ ಸಿಪ್ಪೆ ಮುರಿದಂಥ ಸದ್ದು. ಆಮೇಲೆ ಕಿವಿಯ ಹಿಂದಿನಿಂದ ಎದೆಗೂಡಿನ ತುದಿಗೆ ಇಳಿಯುವ ಓರೆ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ. ಕೊನೆಗೆ ಒಂದು ಮುಂಜಾನೆ ಜ್ವರ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕತ್ತು ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಅದಕ್ಕೆ ನಾವು ಹದ ಎನ್ನುತ್ತೇವೆ. ಹೊತ್ತು ಮುಳುಗುವುದರೊಳಗೆ ಎಲುಬಿಗೆ ಎಲುಬು ಕೂಡಿ ಬಿಗಿದು, ಹದದಲ್ಲಿ ಹೇಗಿತ್ತೋ ಸಾಯುವ ತನಕ ಹಾಗೇ. ಗಂಡಸರನ್ನು ಹಲಗೆಗೆ ಒರಗಿಸಿ, ಗದ್ದಕ್ಕೆ ತಂಬಿಗೆ ಆನಿಸಿ, ನೆಟ್ಟಗೆ ನಿಲ್ಲಿಸುತ್ತಾರೆ. ಸೊಸೆಯಂದಿರ ಕತ್ತು ಬಾಗಿರಬೇಕು. ನಡುನೆತ್ತಿಯ ಮೇಲೆ ಜೋಳದ ಚೀಲ ಹೇರಿ ತಲೆ ತಗ್ಗಿಸುತ್ತಾರೆ. ಎಷ್ಟು ತಗ್ಗಬೇಕು ಎನ್ನುವುದಕ್ಕೆ ಅಳತೆ ಒಂದೇ: ಗದ್ದಕ್ಕೂ ಎದೆಗೂ ನಡುವೆ ಅತ್ತೆಯ ಮುಷ್ಟಿ.

ಅಕ್ಷರಕ್ಕಿಂತ ಮೊದಲು ನಮ್ಮ ಮಕ್ಕಳು ಕತ್ತು ಕಲಿಯುತ್ತಾರೆ. ಕತ್ತಿನಲ್ಲಿ ಎಲುಬು ಏಳು. ಎಲ್ಲಕ್ಕಿಂತ ಮೇಲಿನದು ತಲೆ ಹೊರುತ್ತದೆ. ಅದರ ಹೆಸರು ಹಿರೇಸೊಸೆ. ಎರಡನೆಯದಕ್ಕೆ ಒಂದು ಗೂಟವಿದೆ, ಬೇಡ ಎಂದು ತಲೆಯಾಡಿಸುವುದು ಆ ಗೂಟದ ಸುತ್ತ. ಉಳಿದ ಐವರು ನೆಗೆಣ್ಣಿಯರು, ಒಬ್ಬರ ಮೇಲೊಬ್ಬರು ಕೂತು ತಿಕ್ಕಾಡುತ್ತ ಕಾಲ ಕಳೆಯುತ್ತಾರೆ. ಮುಂದೆ ಉಸಿರಿನ ಕೊಳವೆ, ಅದರ ಬೆನ್ನಿಗೆ ಅನ್ನದ ಕೊಳವೆ, ಎರಡೂ ಪಕ್ಕಕ್ಕೆ ಮಿಡಿಯುವ ದೊಡ್ಡ ರಕ್ತನಾಳಗಳು. ಗದ್ದದ ಕೆಳಗೆ ಲಾಳದ ಆಕಾರದ ಇನ್ನೊಂದು ಸಣ್ಣ ಎಲುಬಿದೆ. ಮೈಯಲ್ಲಿರುವ ಬೇರೆ ಯಾವ ಎಲುಬನ್ನೂ ಅದು ಮುಟ್ಟುವುದಿಲ್ಲ, ಸ್ನಾಯುಗಳ ನಡುವೆ ಒಂಟಿಯಾಗಿ ತೂಗುತ್ತಿರುತ್ತದೆ. ಅದನ್ನು ತವರಿಲ್ಲದವಳು ಎಂದು ಕರೆಯುತ್ತೇವೆ. ನುಂಗುವಾಗ ಅವಳು ಮೇಲೇಳಬೇಕು. ಏಳದಿದ್ದರೆ ತುತ್ತು ದಾರಿ ತಪ್ಪಿ ಉಸಿರಿನ ಕೊಳವೆಗೆ ಬೀಳುತ್ತದೆ. ಅತ್ತೆಯ ಮುಷ್ಟಿ ಸಣ್ಣದಾದರೆ ಮೊದಲು ಸಿಕ್ಕಿಬೀಳುವವಳು ಅವಳೇ.

ಬಾಗಿದ ಕತ್ತಿನ ಹೆಂಗಸರು ಊರನ್ನು ಪಾದಗಳಿಂದ ಗುರುತು ಹಿಡಿಯುತ್ತಾರೆ. ಯಾರ ಹಿಮ್ಮಡಿ ಒಡೆದಿದೆ, ಯಾರ ಕಿರುಬೆರಳು ನೆಲಕ್ಕೆ ತಾಗುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಮಗು ಎದೆಮಟ್ಟ ಬೆಳೆಯುವ ತನಕ ತಾಯಿಗೆ ಅದರ ಮುಖ ಕಾಣುತ್ತದೆ, ಆಮೇಲೆ ಪಾದ. ಹಿಂದಕ್ಕೆ ಒರಗಿ ನೋಡಬಹುದಲ್ಲ ಎಂದು ಹೊರಗಿನಿಂದ ಬಂದ ಬಳೆಗಾರನೊಬ್ಬ ಕೇಳಿದ್ದ. ಒರಗಿದರೆ ನಾಲಿಗೆ ಗಂಟಲಿಗೆ ಬಿದ್ದು ಉಸಿರು ಕಟ್ಟುತ್ತದೆ. ಅವರು ಮಲಗುವುದೂ ಮಗ್ಗುಲಾಗಿಯೇ. ಮಡಿಲಲ್ಲಿ ಕನ್ನಡಿ ಇಟ್ಟುಕೊಂಡು ನೋಡುವವರೂ ಇದ್ದಾರೆ. ಕೆಳಗಿನಿಂದ ಕಾಣುವುದು ಎರಡು ಮೂಗಿನ ಹೊಳ್ಳೆ, ಒಂದು ಗದ್ದ. ಹೆತ್ತ ಮಗನ ಹೊಳ್ಳೆ ನೋಡಿ ಯಾವ ತಾಯಿಯ ಕರುಳು ತಣ್ಣಗಾದೀತು? ಇನ್ನು ಬೆಳೆದ ಮಕ್ಕಳು ಅವ್ವನ ಕಣ್ಣಿಗಿಂತ ಕೆಳಗೆ ಕೂತು ಮುಖ ಎತ್ತಬಾರದು, ಎತ್ತಿದರೆ ಕೇಡು ಎಂದು ಮಾಡಿಟ್ಟಿದ್ದಾರೆ.

ನನ್ನ ಕತ್ತು ಎಡಕ್ಕೆ ನಿಂತಿದೆ. ಮನೆಯವರೆಲ್ಲ ಯಾರದೋ ಮದುವೆಗೆ ಹೋಗಿದ್ದಾಗ ನನಗೆ ಜ್ವರ ಬಂತು. ಗೋಡೆಯ ಬದಿಗೆ ಮುಖ ಹೊರಳಿಸಿ ಮಲಗಿದವಳಿಗೆ ಎಚ್ಚರವಾದಾಗ ಹದ ಮುಗಿದುಹೋಗಿತ್ತು. ಹೋಳಿಗೆ ಉಂಡು ಬಂದವರು ಬಾಗಿಲಲ್ಲೇ ಬಾಯಿ ಬಾಯಿ ಬಡಿದುಕೊಂಡರು. ಅಂದಿನಿಂದ ನಾನು ವಾರೆಗತ್ತಿನ ಶಾವಂತ್ರಿ. ಮುಂದೆ ನೋಡಬೇಕಾದರೆ ಏಡಿಯ ಹಾಗೆ ಅಡ್ಡ ನಡೆಯುತ್ತೇನೆ. ಶುಭಕಾರ್ಯಕ್ಕೆ ಯಾರೂ ಕರೆಯುವುದಿಲ್ಲ. ಗಂಡ ಅದೇ ಕೊರಗಿನಲ್ಲಿ ಸತ್ತ ಎಂದು ಜನ ಹೇಳುತ್ತಾರೆ. ಅವನು ಸತ್ತದ್ದು ಕುಡಿದು. ಮಕ್ಕಳಾಗಲಿಲ್ಲ. ಆದರೆ ಒಂದು ಮಾತು: ಈ ಊರಿನ ಕತ್ತು ನಿಂತ ಸೊಸೆಯಂದಿರಲ್ಲಿ ಎದುರಿಗಿದ್ದವರ ಮುಖ ನೋಡಬಲ್ಲವಳು ನಾನೊಬ್ಬಳೇ. ಎಡಭುಜ ಅವರ ಕಡೆ ತಿರುಗಿಸಬೇಕು, ಅಷ್ಟೆ.

ನನ್ನ ಮೈದುನ ಮುರಿಗೆಪ್ಪನ ಹೆಂಡತಿ ನೀಲಗಂಗಾ. ಅವಳಪ್ಪ ದೂರದ ಪೇಟೆಯಿಂದ ಬಂದು ನಮ್ಮ ಮನೆಗೆ ಹೆಣ್ಣು ಕೊಟ್ಟದ್ದು ಅತ್ತೆಯ ಕೈ ನೋಡಿಯೇ. ನಮ್ಮತ್ತೆ ಸಂಕವ್ವನ ಕೈಯೆಂದರೆ ಓಣಿಗೇ ಹೆಸರು. ಅವಳು ತಟ್ಟಿದ ರೊಟ್ಟಿಗೆ ಹಂಚು ಸಾಲುತ್ತಿರಲಿಲ್ಲ. "ಈ ಮುಷ್ಟಿ ಇದ್ದ ಮನ್ಯಾಗ ನನ್ನ ಮಗಳು ಹೋಳಿಗಿನೂ ನುಂಗತಾಳ, ನಗತಾಳ ಕೂಡ" ಎಂದಿದ್ದರಂತೆ ಅವಳಪ್ಪ. ನೀಲಗಂಗಾ ನಗುವುದಕ್ಕೇ ಹುಟ್ಟಿದವಳು. ಕತ್ತನ್ನು ಪೂರಾ ಹಿಂದಕ್ಕೆ ಚೆಲ್ಲಿ, ಗಂಟಲು ಬಿಚ್ಚಿ ನಕ್ಕಳೆಂದರೆ ನಡುಮನೆಯ ಪಾತ್ರೆಗಳು ದನಿಗೂಡುತ್ತಿದ್ದವು. ನನ್ನನ್ನು ಏಡಿಯಕ್ಕ ಎಂದು ಕರೆಯುವ ಧೈರ್ಯ ಮಾಡಿದವಳು ಅವಳೊಬ್ಬಳೇ, ಕರೆದರೆ ಸಿಟ್ಟು ಬಾರದೆ ಇದ್ದದ್ದೂ ಅವಳೊಬ್ಬಳ ಮೇಲೆಯೇ.

ಅವಳಿಗೆ ಹೊನ್ನಿ ಹುಟ್ಟಿ ಆ ಮಗು ಓಡಾಡುವ ಹೊತ್ತಿಗೆ ಅತ್ತೆ ಕಾಯಿಲೆ ಬಿದ್ದಳು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದಾಗ ಮೈಯೆಲ್ಲ ಬತ್ತಿತ್ತು. ಬೆರಳುಗಳು ಒಳಕ್ಕೆ ಸೊರಗಿ, ಅಂಗೈ ಮುದುಡಿ, ಮುಷ್ಟಿ ಹಿಡಿದರೆ ನಿಂಬೆಕಾಯಿಯಷ್ಟಾಗಿತ್ತು. ಕೈ ಸೆರಗಿನೊಳಗೆ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು. ಓಣಿಯ ಹೆಂಗಸರು ನೋಡುವುದು ಪಾದವನ್ನಷ್ಟೇ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಅವಳ ಮೈಗೆ ನೀರು ಹಾಕುತ್ತಿದ್ದ ನನಗೆ ತಿಳಿದಿತ್ತು.

ಒಂದು ದಿನ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಾಗ ನೀಲಗಂಗಾ ದಾರ ತೆಗೆದುಕೊಳ್ಳಲು ತಿರುಗಿದಳು. ಚಿಟಿಚಿಟಿ ಸದ್ದು ನನಗೂ ಕೇಳಿಸಿತು.

"ಯಕ್ಕಾ, ಕೇಳಿದೇನ?" ಎಂದಳು.

"ಕೇಳಿದೆ."

"ಅತ್ತಿ ಕೈ ನಾನೂ ನೋಡೇನಿ. ಮೊನ್ನೆ ಬಳಿ ತೊಡಸಾಕ ಹೋಗಿದ್ದೆ, ಹೊನ್ನಿ ಬಳಿ ಸರಿ ಆದುವು." ಅವಳು ನಗಲು ನೋಡಿದಳು, ಆಗಲಿಲ್ಲ. "ನುಂಗಾಕ ಆಗಲಿಲ್ಲಂದ್ರ ಸಾಯ್ತೇನಿ, ಅದು ಬ್ಯಾರೆ ಮಾತು. ಆದ್ರ ಸಾಯೂತನಕ ಹೊನ್ನಿ ಮುಖ ಕಾಣಬೇಕ ನನಗ. ಅಷ್ಟು ಸಣ್ಣ ಮುಷ್ಟಿ ಮ್ಯಾಲ ಕತ್ತು ನಿಂತರ, ನನ್ನ ಎದಿ ಬಿಟ್ಟು ಏನ ಕಾಣತೈತಿ?"

ನನಗೆ ಭಯವಾಯಿತು. ಆ ಓಣಿಯಲ್ಲಿ ನನ್ನವರೆನ್ನುವ ಮನುಷ್ಯರು ಯಾರಾದರೂ ಇದ್ದರೆ ಅದು ಇವಳೇ.

ಮೊದಲು ಮುರಿಗೆಪ್ಪನ ಹತ್ತಿರ ಹೋದೆ. ಅವನ ಕತ್ತು ನೆಟ್ಟಗೆ ನಿಂತು ವರ್ಷಗಳಾಗಿದ್ದವು. ಕತ್ತು ನೆಟ್ಟಗಿದ್ದ ಮಾತ್ರಕ್ಕೆ ಮನುಷ್ಯ ನೆಟ್ಟಗಿರಬೇಕೆಂದೇನಿಲ್ಲ. ಎಲ್ಲ ಕೇಳಿ, ನನ್ನ ನೆತ್ತಿಯ ಮೇಲೆ ಎಲ್ಲೋ ನೋಡುತ್ತ ಹೇಳಿದ: "ವೈನಿ, ಅವ್ವನ ಮುಷ್ಟಿ ಎಷ್ಟೈತೋ ಅಷ್ಟು. ಅದನ್ನ ದೊಡ್ಡದು ಮಾಡಾಕ ನಾ ಏನು ದೇವರೇನು?"

"ಮುಷ್ಟಿಗೆ ಒಂದು ಅರಿವಿ ಸುತ್ತಿಕೊಳ್ಳಾಕ ಹೇಳಪಾ ನಿಮ್ಮವ್ವಗ. ಮಗಾ ಹೇಳಿದ್ರ ಕೇಳತಾಳ."

"ಮಂದಿ ಏನಂತಾರ?" ಎಂದ. ನಮ್ಮೂರಿನ ಗಂಡಸರಿಗೆ ಕತ್ತು ನಿಲ್ಲುವ ಮೊದಲೇ ಈ ಮಾತು ಗಂಟಲಲ್ಲಿ ನಿಂತಿರುತ್ತದೆ.

ಅತ್ತೆಗೆ ನೀರು ಹಾಕುವಾಗ ನಾನೇ ಬಾಯಿಬಿಟ್ಟೆ. ಅವಳ ಬಾಗಿದ ಕತ್ತಿನ ಹಿಂದೆ, ಕೊನೆಯ ನೆಗೆಣ್ಣಿಯ ಎಲುಬು ಚರ್ಮ ಹರಿದು ಬರುವಂತೆ ಎದ್ದು ಕಾಣುತ್ತಿತ್ತು.

"ನನ್ನ ಕೈ ಸಣ್ಣದಾಗೇತಿ ಅಂತ ಊರಿಗೆ ಡಂಗುರ ಸಾರೂಣೇನು?" ಎಂದಳು. "ಈ ಮನ್ಯಾಗ ನನಗ ಇದ್ದದ್ದು ಅದೊಂದ ಹೆಸರು, ಶಾವಂತ್ರಿ."

"ಹೆಸರು ಉಳಸಾಕ ಹೋಗಿ ಸೊಸಿ ಹೋದ್ರ?"

"ನಮ್ಮತ್ತಿ ಮುಷ್ಟಿ ಹುಣಸಿಬೀಜದಷ್ಟಿತ್ತು. ನಲವತ್ತು ವರ್ಷ ಅಂಬಲಿ ಕುಡದ ಬದುಕೇನಿ. ಗುಟುಕಿಗೊಮ್ಮೆ ಗದ್ದ ಕೈಲೆ ಎತ್ತತೇನಿ, ನೀ ನೋಡಿಲ್ಲೇನು?" ಮತ್ತೆ ಹೇಳಿದಳು: "ಅಂಬಲಿ ಇಳದಾಗೊಮ್ಮೆ ಇವತ್ತಿಗೆ ಮುಗೀತು ಅನಸತೈತಿ. ದಿನಾ ಅನಸತೈತಿ. ನೀರು ಹಾಕು, ಆರಾಕ ಹತ್ತೇತಿ."

ಜ್ವರ ಬಂದದ್ದು ಒಂದು ಸಂತೆಯ ದಿನ. ನೀಲಗಂಗಾ ಹೊನ್ನಿಯ ತಲೆ ಬಾಚುತ್ತಿದ್ದವಳು ಬಾಚಣಿಗೆ ಕೈಬಿಟ್ಟು ಗೋಡೆ ಹಿಡಿದಳು. ಮಧ್ಯಾಹ್ನಕ್ಕೆ ಕತ್ತು ಹದಕ್ಕೆ ಬಂತು. ರೂಢಿಯಂತೆ ಓಣಿಯ ಹೆಂಗಸರು ಸಾಕ್ಷಿಗೆ ಬಂದು ಕೂತರು. ಅವರಲ್ಲಿ ಮುಂದಾಳು ಎದುರುಮನೆಯ ದುಂಡವ್ವ. ಮುರಿಗೆಪ್ಪ ಹೊನ್ನಿಯನ್ನು ಎತ್ತಿಕೊಂಡು ಹೊರಗೆ ಹೋದ. ವಾರೆಗತ್ತಿನವಳು ಅಲ್ಲಿರಬಾರದಿತ್ತು, ಆದರೆ ಅತ್ತೆ ಆಸರೆ ಇಲ್ಲದೆ ಕೂರುವ ಸ್ಥಿತಿಯಲ್ಲಿರಲಿಲ್ಲ. ಅವಳ ಬೆನ್ನಿಗೆ ನನ್ನ ಎಡಭುಜ ಆನಿಸಿ ಕೂತೆ. ಅಲ್ಲಿಂದ ನನಗೆ ನೀಲಗಂಗಾಳ ಮುಖ ನೇರ ಕಾಣುತ್ತಿತ್ತು.

ಚೀಲ ತಲೆಯ ಮೇಲೆ ಬಂತು. ಅತ್ತೆ ಸೆರಗಿನಿಂದ ಕೈ ಹೊರತೆಗೆದು, ಮುಷ್ಟಿ ಹಿಡಿದು, ಸೊಸೆಯ ಎದೆಯ ಮೇಲೆ ಇಟ್ಟಳು. ಗದ್ದ ಇಳಿಯಿತು, ಇಳಿಯುತ್ತಲೇ ಹೋಯಿತು. ಬತ್ತಿದ ಆ ಮುಷ್ಟಿ ಅದನ್ನು ತಡೆಯುವ ಹೊತ್ತಿಗೆ ನೀಲಗಂಗಾಳ ಉಸಿರು ಸೀಟಿ ಹೊಡೆಯತೊಡಗಿತ್ತು. ಕತ್ತಿನ ಎರಡೂ ಪಕ್ಕದ ನಾಳಗಳು ಉಬ್ಬಿ ನಿಂತವು. ಉಗುಳು ನುಂಗಲು ನೋಡಿದಳು. ತವರಿಲ್ಲದವಳು ಏಳಲು ಹೋಗಿ, ಏಳಲಾರದೆ, ಗದ್ದದ ಕೆಳಗೆ ಅದುರಿದ್ದನ್ನು ನಾನು ಕಂಡೆ. ಕಣ್ಣುಗುಡ್ಡೆ ಮೇಲೆತ್ತಿ ಅವಳು ನನ್ನ ಕಡೆ ನೋಡಿದಳು.

ಅತ್ತೆಗೆ ನನಗಿಂತ ಮೊದಲೇ ತಿಳಿದಿರಬೇಕು. ಆ ಅದುರು ಅವಳ ಬೆರಳಿನ ಗೆಣ್ಣಿಗೇ ತಾಗಿತ್ತಲ್ಲ. ಅವಳು ಇನ್ನೊಂದು ಕೈಯನ್ನೂ ಮುಷ್ಟಿ ಮಾಡಿ, ಮೊದಲನೆಯ ಮುಷ್ಟಿಯ ಕೆಳಗೆ ತೂರಿಸಿದಳು. ಗದ್ದ ಮೇಲೆದ್ದಿತು. ಸೀಟಿ ನಿಂತಿತು.

"ಸಂಕವ್ವಾ, ಎರಡು ಮುಷ್ಟಿ ಎಲ್ಲ್ಯಾರೆ ಉಂಟೇನು?" ದುಂಡವ್ವ ಗುಡುಗಿದಳು. "ನಾಳೆ ನನ್ನ ಸೊಸೀನೂ ಎರಡು ಕೇಳತಾಳ."

"ಎರಡೂ ನನ್ನವ ಅದಾವಲ್ಲ. ಯಾರ್ಯಾರ ಕೈ ಕಡದ ತಂದೇನೇನು?" ಅತ್ತೆಯ ದನಿ ಆ ಬಾಗಿದ ಗಂಟಲಿನಿಂದ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನಾನು ಅತ್ತೆಯ ಮೊಣಕೈಗೆ ಕೈ ಕೊಡಲು ಹೋದಾಗ ದುಂಡವ್ವ ತಟ್ಟನೆ ತಡೆದಳು. "ಬೆನ್ನು ಹಿಡಿ ಬೇಕಾದ್ರ. ಕೈ ಮುಟ್ಟಿದ್ರ ಅಳತಿ ಕೆಡತೈತಿ."

ಹೀಗೆ ಆ ಮಧ್ಯಾಹ್ನ ನಡೆಯಿತು. ಕಾಯಿಲೆಯಿಂದ ಎದ್ದ ಮುದುಕಿ, ತಲೆಯ ಭಾರ, ಜೋಳದ ಭಾರ. ಅವಳ ಬೆನ್ನು ನನ್ನ ಭುಜಕ್ಕೆ ಆನಿಕೊಂಡು ನಡುಗುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಹೋಯಿತು. ಬೆವರು ಅವಳ ಮೂಗಿನ ತುದಿಯಿಂದ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. "ಅತ್ತಿ, ಸಾಕು ಬಿಡ್ರಿ" ಎಂದು ನೀಲಗಂಗಾ ತುಟಿಯಲ್ಲೇ ಅಂದಳು. "ನೀ ಸುಮ್ನ ಉಸರಾಡು" ಎಂದಳು ಅತ್ತೆ. ಆ ಮನೆಗೆ ಬಂದಂದಿನಿಂದ ನಾನು ಅವಳನ್ನು ಎಷ್ಟು ಬೈದುಕೊಂಡಿದ್ದೆನೋ ಲೆಕ್ಕವಿಲ್ಲ. ಆ ಹೊತ್ತು ಅವಳ ಬೆನ್ನಿಗೆ ಮುಖ ಒತ್ತಿ ಅಳಬೇಕೆನಿಸಿತು. ನನ್ನ ಕತ್ತಿಗೆ ಅದೂ ಆಗುವುದಿಲ್ಲ.

ಹೊತ್ತು ಇಳಿದು ಕತ್ತು ಬಿಗಿಯತೊಡಗಿತು. ಇನ್ನು ಸ್ವಲ್ಪ ತಡೆದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅತ್ತೆಯ ಮೈ ಒಮ್ಮೆಗೇ ಸಡಿಲವಾಗಿ ನನ್ನ ಮೇಲೆ ಕುಸಿಯಿತು. ಎರಡೂ ಮುಷ್ಟಿ ಬಿಚ್ಚಿಕೊಂಡು ಜಾರಿದವು. ತಡೆಯೇನೂ ಇಲ್ಲದೆ ಗದ್ದ ಎದೆಗೆ ಹೋಗಿ ಬಡಿಯಿತು. ನೀಲಗಂಗಾಳ ಬಾಯಿಂದ ಸದ್ದೇ ಬರಲಿಲ್ಲ. ಉಸಿರಿನ ಕೊಳವೆ ಮಡಿಚಿಕೊಂಡರೆ ಸದ್ದು ಎಲ್ಲಿಂದ ಬಂದೀತು?

ದುಂಡವ್ವ ಏನೋ ಕೂಗಿದಳು. ನಾನು ಅತ್ತೆಯನ್ನು ನೆಲಕ್ಕೆ ಬಿಟ್ಟು, ಒಂದು ಕೈಯಿಂದ ನೀಲಗಂಗಾಳ ಹಣೆ ಎತ್ತಿ, ಇನ್ನೊಂದು ಕೈ ಮುಷ್ಟಿ ಮಾಡಿ ಗದ್ದದ ಕೆಳಗೆ ತುರುಕಿದೆ. ಬಿಗಿಯುತ್ತಿದ್ದ ಎಲುಬುಗಳು ಒಳಗೆ ಕರಕರ ಎಂದವು. ಹೆಂಗಸರು ನನ್ನ ಕೂದಲು ಹಿಡಿದು ಎಳೆದರು, ಬೆನ್ನಿಗೆ ಗುದ್ದಿದರು. ನಾನು ಅಲುಗಲಿಲ್ಲ. ಅಲುಗಬೇಕೆಂದರೂ ಆಗುತ್ತಿರಲಿಲ್ಲ, ಕತ್ತು ನನ್ನ ಮುಷ್ಟಿಯ ಮೇಲೆ ನಿಂತುಬಿಟ್ಟಿತ್ತು. ಆಮೇಲೆ ಎಣ್ಣೆ ಹಚ್ಚಿ ಕೈ ಎಳೆದುಕೊಂಡಾಗ ಗೆಣ್ಣುಗಳ ಚರ್ಮ ಅಲ್ಲೇ ಉಳಿಯಿತು.

ಅತ್ತೆಗೆ ಎಚ್ಚರವಾದದ್ದು ದೀಪ ಹಚ್ಚುವ ಹೊತ್ತಿಗೆ.

"ಯಾರ ಮುಷ್ಟಿ?" ಎಂದಳು.

"ನಂದು ಅತ್ತಿ."

"ತೋರಸು."

ಅವಳ ಕಣ್ಣಿನ ಕೆಳಗೆ ಹಿಡಿದೆ. ರಕ್ತ ಸೋರುತ್ತಿದ್ದ ಆ ಕೈಯನ್ನು ಅವಳು ಬಹಳ ಹೊತ್ತು ನೋಡಿದಳು. "ಸಾಕು, ನುಂಗತಾಳ" ಎಂದು ಮಗ್ಗುಲಾದಳು. ಆ ವಾರದಲ್ಲೇ ಒಂದು ಬೆಳಿಗ್ಗೆ ಅಂಬಲಿ ಅವಳ ಉಸಿರಿನ ಕೊಳವೆಗೆ ಹೋಯಿತು. ಗದ್ದ ಎತ್ತಿಕೊಳ್ಳಲು ಅವಳ ಕೈಗಳಲ್ಲಿ ಶಕ್ತಿ ಉಳಿದಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯವರು ಸೇರಿ ನ್ಯಾಯ ಹೇಳಿದರು. ಯಾರ ಮುಷ್ಟಿಯೋ ಅವರ ಸೊಸೆ, ಇದು ಹಳೆಯ ಮಾತು. ನೀಲಗಂಗಾ ನಿಂತದ್ದು ಶಾವಂತ್ರಿಯ ಮುಷ್ಟಿಯ ಮೇಲೆ, ಆದ್ದರಿಂದ ಅವಳು ಶಾವಂತ್ರಿಯ ಸೊಸೆ. ಶಾವಂತ್ರಿಗೆ ಮಗನಿಲ್ಲ, ಆದ್ದರಿಂದ ಸೊಸೆಗೆ ಗಂಡನಿಲ್ಲ. ಮುರಿಗೆಪ್ಪನಿಗೂ ಅವಳಿಗೂ ಸಂಬಂಧ ಹರಿಯಿತು. ಮಗು ಅಪ್ಪನದು, ಅವಳು ಅದರ ಹತ್ತಿರ ಸುಳಿಯಬಾರದು. ಇಷ್ಟನ್ನೂ ಅವರು ಬಹಳ ಶಾಂತವಾಗಿ, ಚಹಾ ಕುಡಿಯುತ್ತ ಹೇಳಿದರು. ಮುರಿಗೆಪ್ಪ ಆಗಲೂ ನಮ್ಮ ನೆತ್ತಿಯ ಮೇಲೆ ಎಲ್ಲೋ ನೋಡುತ್ತಿದ್ದ. ಹೊನ್ನಿಯನ್ನು ಕರೆದುಕೊಂಡು ಕೆರೆಯಾಚೆಯ ಪೇಟೆಗೆ ಹೋದ, ಅಲ್ಲೇ ಇನ್ನೊಬ್ಬಳನ್ನು ಮಾಡಿಕೊಂಡ. ನಮ್ಮ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆಂದು ಮಗುವಿಗೆ ಹೇಳಿದ್ದನಂತೆ.

ನೀಲಗಂಗಾ ಬದುಕಿದಳು. ಅನ್ನ ಮೆತ್ತಗೆ ಮಾಡಿದರೆ ನುಂಗುತ್ತಾಳೆ. ಇಬ್ಬರೂ ಕೌದಿ ಹೊಲಿಯುತ್ತೇವೆ. ಬಾಗಿದ ಕತ್ತಿಗೆ ಒಗ್ಗುವ ಕೆಲಸ, ಅವಳ ಕೈ ಓಡುತ್ತದೆ. ಸಂತೆಗೆ ಹೋದಾಗಲೆಲ್ಲ ನಾನು ಕೆರೆಯಾಚೆಯ ಶಾಲೆಯ ಬಳಿ ಎಡಭುಜವನ್ನು ಗೇಟಿನ ಕಡೆ ಮಾಡಿ ನಿಂತು ಹೊನ್ನಿಯನ್ನು ನೋಡಿ ಬರುತ್ತಿದ್ದೆ. ಮನೆಗೆ ಬಂದು ಎಲ್ಲ ಹೇಳಬೇಕು. ಮುಂದಿನ ಹಲ್ಲು ಬಿದ್ದಾವ. ಹಣಿ ನಿಂದ ಐತಿ. ಹುಬ್ಬು ಕೂಡ್ಯಾವ. ನೀಲಗಂಗಾ ಸೂಜಿ ನಿಲ್ಲಿಸಿ ಕೇಳುವಳು. ಕೊನೆಗೆ ಪ್ರತಿ ಸಲವೂ ಅದೇ ಪ್ರಶ್ನೆ.

"ಎಷ್ಟೆತ್ತರ ಆಗ್ಯಾಳ ಯಕ್ಕಾ?"

"ಎಲ್ಲಿ ಎತ್ತರ? ಇನ್ನೂ ಸೊಂಟದ ಮಟ್ಟ ಇಲ್ಲ" ಎನ್ನುತ್ತಿದ್ದೆ. ಹಲ್ಲು ಬಿದ್ದು ಹುಟ್ಟಿದವು, ಲಂಗ ಹೋಗಿ ಸೀರೆ ಬಂತು, ನನ್ನ ಬಾಯಲ್ಲಿ ಹೊನ್ನಿ ಸೊಂಟದ ಮಟ್ಟದಲ್ಲೇ ಇದ್ದಳು. ಒಂದು ದಿನ ನೀಲಗಂಗಾ ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು.

ಹೋದ ತಿಂಗಳು ಮಧ್ಯಾಹ್ನ ಒಬ್ಬ ಹುಡುಗಿ ಬಂದು ಹೊಸ್ತಿಲೊಳಗೆ ನಿಂತಳು. ಕೈಗೆ ಹಸಿರು ಬಳೆ, ಪಾದಕ್ಕೆ ಅರಿಸಿನ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನೀಲಗಂಗಾ ಕೌದಿಯಿಂದ ಕಣ್ಣು ಸರಿಸಿ ಆ ಪಾದಗಳನ್ನು ನೋಡಿದಳು. ಓಣಿಯ ಪ್ರತಿಯೊಂದು ಪಾದವನ್ನೂ ಬಲ್ಲವಳು, ತಡಕಾಡಿದಳು.

"ಯಾರವ್ವಾ ನೀನು? ಕೌದಿ ಬೇಕಾಗಿತ್ತೇನು?"

"ನಾನವ್ವಾ. ಹೊನ್ನಿ."

ಸೂಜಿ ಕೆಳಗೆ ಬಿತ್ತು. ನೀಲಗಂಗಾ ಎದ್ದು ನಿಂತಳು. ಮಗಳು ಅವಳಿಗಿಂತ ಎತ್ತರ. ಸೊಂಟದಿಂದ ಮೇಲೆ ಏನೂ ಕಾಣದು. ಮೈಯನ್ನೇ ಹಿಂದಕ್ಕೆ ಬಾಗಿಸಲು ನೋಡಿದಳು, ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಕಟ್ಟಿತು, ಕೆಮ್ಮುತ್ತ ಮಗಳ ತೋಳು ಹಿಡಿದುಕೊಂಡಳು. ಬೆರಳುಗಳಿಂದ ಆ ಮುಖವನ್ನು ತಡವಿದಳು, ಮೂಗು, ಹುಬ್ಬು, ತುಟಿ. ಅದು ನೋಡಿದಂತಾಗಲಿಲ್ಲ. "ಎಷ್ಟ ಬೆಳದೀ ನೀ" ಎಂದಳು. ಅದು ಬೈಗುಳದಂತೆ ಕೇಳಿಸಿತು.

"ನಾಳೆ ಲಗ್ನ. ಗಂಡನ ಮನಿ ಗಾಡಿ ಹತ್ತಿದ್ರ ಮತ್ತ ಬರಾಕ ಆಗೂದಿಲ್ಲವ್ವಾ" ಎಂದಳು ಹೊನ್ನಿ.

ಆಮೇಲೆ ಅವಳು ಮಾಡಿದ್ದನ್ನು ನಮ್ಮೂರಲ್ಲಿ ಬದುಕಿದ್ದವರು ಯಾರೂ ಮಾಡುವುದಿಲ್ಲ. ಮಕ್ಕಳು ಸತ್ತಾಗ ಮಾತ್ರ ನಮ್ಮಲ್ಲಿ ಹೆಣವನ್ನು ತಾಯಿಯ ಕಾಲ ಬಳಿ ಅಂಗಾತ ಮಲಗಿಸುತ್ತಾರೆ, ಕೊನೆಗೊಮ್ಮೆ ಮುಖ ನೋಡಿಕೊಳ್ಳಲಿ ಎಂದು. ಹೊನ್ನಿ ಸೆರಗು ಸರಿಮಾಡಿಕೊಂಡು, ಅರಿಸಿನದ ಮೈಯಲ್ಲೇ, ಅವ್ವನ ಪಾದದ ಮುಂದೆ ಬರಿ ನೆಲದ ಮೇಲೆ ಅಂಗಾತ ಮಲಗಿದಳು. ಕೈ ಎರಡೂ ಪಕ್ಕಕ್ಕೆ ಇಟ್ಟುಕೊಂಡಳು.

"ಏಳ, ಕೆಟ್ಟದಾಗತೈತಿ!" ಎಂದು ನಾನೇ ಕೂಗಿದೆ. ಎಲ್ಲ ಕಟ್ಟಳೆ ಮುರಿದವಳು ನಾನು, ನನಗೂ ಅದನ್ನು ನೋಡಲಾಗಲಿಲ್ಲ.

ಹುಡುಗಿ ಏಳಲಿಲ್ಲ. ಕಣ್ಣು ಮುಚ್ಚದೆ, ರೆಪ್ಪೆ ಹೊಡೆಯದೆ ಮೇಲೆ ನೋಡುತ್ತಿದ್ದಳು. ನೀಲಗಂಗಾ ಅಲುಗಾಡದೆ ನಿಂತಿದ್ದಳು. ಅವಳ ಕಣ್ಣೀರು ನೆಟ್ಟಗೆ ಮಗಳ ಹಣೆಯ ಮೇಲೆ, ಕೆನ್ನೆಯ ಮೇಲೆ ಬೀಳುತ್ತಿತ್ತು. ಹೊನ್ನಿ ಅದನ್ನು ಒರೆಸಿಕೊಳ್ಳಲಿಲ್ಲ. ಹೊರಗೆ ಯಾರೋ ಅವಳ ಹೆಸರು ಹಿಡಿದು ಕೂಗಿದರು. ಮತ್ತೆ ಕೂಗಿದರು.

"ನೋಡಿದೇನವ್ವಾ?" ಎಂದಳು.

"ಇಲ್ಲ," ಎಂದಳು ನೀಲಗಂಗಾ, "ಇನ್ನೊಂಚೂರು ಇರು."